ತಳ್ಳಿದರೆ ಪೆಟ್ಟಿಗೆಗೆ ಗೊತ್ತಾಗಬೇಕು

ಹೋದ ಸಂಚಿಕೆಯಲ್ಲಿ ನಾನು ಮನೆಯಲ್ಲೇ ಕಟ್ಟಿಕೊಂಡ ಆರ್ಕೇಡ್ ಪೆಟ್ಟಿಗೆಯ, ಅಂದರೆ ನಿಂತು ಆಡುವ ವಿಡಿಯೋ ಗೇಮ್ ಪೆಟ್ಟಿಗೆಯ ಬಗ್ಗೆ ಬರೆದಿದ್ದೆ. ಓದದವರಿಗೆ ನಾಲ್ಕು ಮಾತು. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಒಳಗೆ ಒಂದು ಹಳೆಯ ಕಂಪ್ಯೂಟರ್, ಉದ್ದಕ್ಕೆ ನಿಲ್ಲಿಸಿದ 24 ಇಂಚಿನ ಮಾನಿಟರ್, ಮುಂದೆ ಜಾಯ್‌ಸ್ಟಿಕ್, ಎರಡೂ ಪಕ್ಕದಲ್ಲಿ ಪಿನ್‌ಬಾಲ್‌ಗೆ ಅಂತ ಫ್ಲಿಪ್ಪರ್ ಬಟನ್. ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆ ಮೇಲೆ ಉರುಳಿ ಬರುವ ಗುಂಡನ್ನು ಕೆಳಗೆ ಬೀಳದ ಹಾಗೆ ಮೇಲಕ್ಕೆ ಹೊಡೆಯುವ ಆಟ, ಹಾಗೆ ಹೊಡೆಯುವ ಪುಟ್ಟ ಕೈಗಳೇ ಫ್ಲಿಪ್ಪರ್. ಪೆಟ್ಟಿಗೆಯನ್ನು ಕೈಯಲ್ಲಿ ತಳ್ಳಿದರೆ ಒಳಗಿನ ಒಂದು ಸೆನ್ಸರ್ ಅದನ್ನು ಅಳೆಯುತ್ತದೆ, ಪರದೆ ಮೇಲಿನ ಗುಂಡು ಪಕ್ಕಕ್ಕೆ ಸರಿಯುತ್ತದೆ. ಜಾಸ್ತಿ ತಳ್ಳಿದರೆ ‘ಟಿಲ್ಟ್’ ಅಂತ ಬಂದು ಫ್ಲಿಪ್ಪರ್ ಸತ್ತುಹೋಗುತ್ತದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಈ ತಳ್ಳುವ ವಿಷಯದ್ದೇ. ಅದಕ್ಕೇ ಈ ಸಲದ ಪುಟ ಪೂರ್ತಿ ಅದಕ್ಕೆ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾವು ಸೈಬರ್ ಕೆಫೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ಪಿನ್‌ಬಾಲ್ ಆಡಿಕೊಂಡು ಬೆಳೆದವರು. ಟೇಬಲ್ ಅಲ್ಲಾಡಿಸಬೇಕು ಅಂದರೆ ಒಂದು ಕೀ ಒತ್ತಿದರೆ ಆಗುತ್ತಿತ್ತು. ನೀವೂ ಇನ್ನೆರಡು ಬಟನ್ ಹಾಕಿದ್ದರೆ ಮುಗಿಯುತ್ತಿರಲಿಲ್ವಾ? ಸೆನ್ಸರ್, ಕೋಡು, ಇಷ್ಟೆಲ್ಲ ಯಾಕೆ?
— ಓದುಗರು, ದಾವಣಗೆರೆ

ಉತ್ತರ: ಮುಗಿಯುತ್ತಿತ್ತು. ಮೊದಲು ನಾನು ಮಾಡಿದ್ದೂ ಅದನ್ನೇ. ಆ ಆಟ ನೆನಪಿದೆ ಅಲ್ವಾ, ಝೆಡ್ ಮತ್ತು ಸ್ಲ್ಯಾಶ್ ಕೀ ಫ್ಲಿಪ್ಪರ್‌ಗೆ, ಎಕ್ಸ್ ಒತ್ತಿದರೆ ಒಂದು ಪಕ್ಕದಿಂದ ಪೆಟ್ಟು, ಫುಲ್‌ಸ್ಟಾಪ್ ಒತ್ತಿದರೆ ಇನ್ನೊಂದು ಪಕ್ಕದಿಂದ, ಮೇಲಿನ ಬಾಣ ಒತ್ತಿದರೆ ಕೆಳಗಿನಿಂದ. ಅದೇ ಕೀಗಳನ್ನು ಬಟನ್‌ಗೆ ಕೊಟ್ಟು ಒಂದು ತಿಂಗಳು ಆಡಿದೆವು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಗುಂಡು ಎರಡು ಫ್ಲಿಪ್ಪರ್ ನಡುವಿನ ಸಂದಿಗೆ ನೆಟ್ಟಗೆ ಇಳಿಯುತ್ತಿದೆ ಅನ್ನುವ ಅರೆಗಳಿಗೆಯಲ್ಲಿ ಯಾರ ಕೈಯೂ ಬಟನ್ ಹುಡುಕುವುದಿಲ್ಲ, ಪೆಟ್ಟಿಗೆಯನ್ನೇ ನೂಕುತ್ತದೆ. ನನ್ನ ಹೆಂಡತಿ ನೂಕಿದಳು, ಅಕ್ಕನ ಮಗ ನೂಕಿದ, ಪಕ್ಕದ ಮನೆಯವರೂ ನೂಕಿದರು. ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ನೂಕಿದ್ದು ಆಟಕ್ಕೆ ಗೊತ್ತೇ ಆಗುತ್ತಿರಲಿಲ್ಲ, ಅದನ್ನು ನೋಡಿ ನನಗೆ ನಿಜವಾಗಿಯೂ ಬೇಜಾರಾಯಿತು.

ಪಿನ್‌ಬಾಲ್‌ನಲ್ಲಿ ತಳ್ಳೋದು ಫ್ಲಿಪ್ಪರ್‌ಗಿಂತ ಹಳೆಯದು. ಅಮೆರಿಕದಲ್ಲಿ ಕಾಸು ಹಾಕಿ ಆಡುವ ಈ ಯಂತ್ರಗಳು ಹಬ್ಬಿದ್ದು 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಬಂದ ಹೊತ್ತಿನಲ್ಲಿ. ಅದರಲ್ಲಿ ಫ್ಲಿಪ್ಪರ್ ಇರಲೇ ಇಲ್ಲ. ಸ್ಪ್ರಿಂಗ್ ಎಳೆದು ಗುಂಡು ಬಿಟ್ಟರೆ ಅದು ಮೊಳೆಗಳ ನಡುವೆ ತಾಕಿಕೊಂಡು ಇಳಿಯುತ್ತಿತ್ತು. ಫ್ಲಿಪ್ಪರ್ ಬಂದಿದ್ದು 1947ರಲ್ಲಿ, ಅದೇ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ, ಒಂದಲ್ಲ ಎರಡಲ್ಲ ಆರು ಫ್ಲಿಪ್ಪರ್. ನಡುವಿನ 16 ವರ್ಷ ಆಡುವವರ ಕೈಯಲ್ಲಿ ಇದ್ದ ಉಪಾಯ ಒಂದೇ, ಯಂತ್ರವನ್ನು ತಳ್ಳೋದು.

ಅಂಗಡಿಯವರಿಗೆ ಇದು ತಲೆನೋವು. ಕೆಲವರು ಯಂತ್ರವನ್ನೇ ಎತ್ತಿ ಗುಂಡನ್ನು ಬೇಕಾದ ಕುಳಿಗೆ ಬೀಳಿಸಿಕೊಳ್ಳುತ್ತಿದ್ದರು. ಹ್ಯಾರಿ ವಿಲಿಯಮ್ಸ್ ಅನ್ನೋ ವಿನ್ಯಾಸಕಾರರು ಮೊದಲು ಯಂತ್ರದ ತಳಕ್ಕೆ ಮೊಳೆ ಹೊಡೆದಿದ್ದರಂತೆ, ಕೆಳಗಿನಿಂದ ಗುದ್ದಿದವರ ಕೈಗೆ ಚುಚ್ಚಲಿ ಅಂತ. ಅದು ಸರಿಯಲ್ಲ ಅನ್ನಿಸಿ ಆಮೇಲೆ ಒಂದು ಪುಟ್ಟ ಕಂಬದ ಮೇಲೆ ಗುಂಡು ಕೂರಿಸಿದರು. ಜಾಸ್ತಿ ಅಲ್ಲಾಡಿಸಿದರೆ ಆ ಗುಂಡು ಬೀಳುತ್ತದೆ, ಆಟ ನಿಲ್ಲುತ್ತದೆ. ಟಿಲ್ಟ್ ಹುಟ್ಟಿದ್ದು ಹೀಗೆ. ಮುಂದೆ ಗುಂಡಿನ ಜಾಗಕ್ಕೆ ಲೋಲಕ ಬಂತು, ಇವತ್ತಿನ ಯಂತ್ರಗಳಲ್ಲೂ ಅದೇ ಇದೆ. ಒಂದು ಕಡ್ಡಿ, ಅದರ ತುದಿಯಲ್ಲಿ ತೂಕ, ಸುತ್ತ ಒಂದು ಲೋಹದ ಬಳೆ. ಕಡ್ಡಿ ಬಳೆಗೆ ತಾಗಿದರೆ ಕರೆಂಟ್ ಹರಿದು ಟಿಲ್ಟ್.

ಇಲ್ಲಿ ಒಂದು ವಿಷಯ ನೋಡಿ. ಅವರು ತಳ್ಳೋದನ್ನು ಪೂರ್ತಿ ನಿಲ್ಲಿಸಲಿಲ್ಲ. ಇಷ್ಟರ ತನಕ ತಳ್ಳಬಹುದು ಅಂತ ಒಂದು ಗೆರೆ ಎಳೆದರು. ಆ ಗೆರೆ ಎಲ್ಲಿದೆ ಅಂತ ಕೈಗೆ ಗೊತ್ತಾಗುತ್ತಾ ಹೋಗೋದೇ ಆಟದ ರುಚಿ. ಬಟನ್ ಒತ್ತಿದರೆ ಪ್ರತಿ ಸಲವೂ ಒಂದೇ ಅಳತೆಯ ಪೆಟ್ಟು. ಅಂಗೈಯಲ್ಲಿ ತಳ್ಳಿದರೆ ಹತ್ತು ಸಲಕ್ಕೆ ಹತ್ತು ಅಳತೆ. ಅದಕ್ಕೇ ಸೆನ್ಸರ್.

ಪ್ರಶ್ನೆ: ನನಗೀಗ 68. ಮೊಮ್ಮಗ ನಿಮ್ಮ ಲೇಖನ ಓದಿ ಹೇಳಿದ. ಯಂತ್ರವನ್ನು ತಳ್ಳಿ ಗೆಲ್ಲುವುದು ಮೋಸ ಆಗುವುದಿಲ್ಲವೆ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಇಲ್ಲ ಗುರುಗಳೇ. ಕಬಡ್ಡಿಯಲ್ಲಿ ಗೆರೆ ದಾಟಿದರೆ ಔಟ್, ಗೆರೆಯ ತನಕ ಹೋಗಿ ಬಂದರೆ ಅದು ಆಟ. ಇದೂ ಹಾಗೇ. ಗೆರೆ ದಾಟಿದರೆ ಶಿಕ್ಷೆ ಇದೆ: ಫ್ಲಿಪ್ಪರ್ ನಿಲ್ಲುತ್ತದೆ, ಆ ಗುಂಡು ಹೋಗುತ್ತದೆ, ಅಲ್ಲಿಯ ತನಕ ಕೂಡಿಟ್ಟ ಬೋನಸ್ಸೂ ಹೋಗುತ್ತದೆ. ನಿಮ್ಮ ಅನುಮಾನ ದೊಡ್ಡ ದೊಡ್ಡವರಿಗೂ ಬಂದಿತ್ತು. ನ್ಯೂಯಾರ್ಕ್ ನಗರದಲ್ಲಿ 1942ರಿಂದ ಪಿನ್‌ಬಾಲ್‌ಗೆ ನಿಷೇಧ ಇತ್ತು, ಅದೃಷ್ಟದ ಜೂಜು ಅಂತ. 1976ರಲ್ಲಿ ರೋಜರ್ ಶಾರ್ಪ್ ಎಂಬವರು ನಗರಸಭೆಯವರ ಎದುರಿಗೇ ಆಡಿ, ಗುಂಡು ಯಾವ ದಾರಿಯಲ್ಲಿ ಇಳಿಯುತ್ತದೆ ಅಂತ ಮೊದಲೇ ಹೇಳಿ ಹಾಗೇ ಇಳಿಸಿ ತೋರಿಸಿದರು. ನಿಷೇಧ ಹೋಯಿತು. ಮೊಮ್ಮಗನ ಜೊತೆ ನೀವೂ ಒಂದು ಸಲ ಆಡಿ ನೋಡಿ.

ಪ್ರಶ್ನೆ: ನಮ್ಮ ಮನೆಗೆ ಕೆಲಸಕ್ಕೆ ಬರುವ ಆಚಾರ್ರು ಮಾಡಿಕೊಡ್ತೀನಿ ಅಂದಿದ್ದಾರೆ. ಅವರಿಗೆ ಏನಂತ ಹೇಳಲಿ? ಅಳತೆ ಎಷ್ಟು? ಎಂಡಿಎಫ್ ಆಗುತ್ತಾ, ಪ್ಲೈವುಡ್ಡೇ ಬೇಕಾ?
— ಓದುಗರು, ಮೈಸೂರು

ಉತ್ತರ: ಪ್ಲೈವುಡ್. ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಭಾರ ಇದೆ, ಮೈ ನಯ ಇದೆ, ಕೊರೆಯೋಕೆ ಸುಲಭ. ಆದರೆ ಇದು ದಿನಾ ತಳ್ಳಿಸಿಕೊಳ್ಳುವ ಪೆಟ್ಟಿಗೆ. ಎಂಡಿಎಫ್‌ನ ಅಂಚಿಗೆ ಹೊಡೆದ ಸ್ಕ್ರೂ ಕೆಲವೇ ತಿಂಗಳಲ್ಲಿ ಸಡಿಲ ಆಗುತ್ತದೆ, ಮಳೆಗಾಲದಲ್ಲಿ ತಳ ಉಬ್ಬುತ್ತದೆ. ಪಕ್ಕಗಳಿಗೆ, ತಳಕ್ಕೆ, ಕೈ ಇಡುವ ಹಲಗೆಗೆ 18 ಮಿಲಿಮೀಟರ್ ಪ್ಲೈ ಹಾಕಿಸಿ. ಹಿಂಬಾಗಿಲಿಗೆ 12 ಸಾಕು. ಎಂಟು ಅಡಿ ನಾಲ್ಕು ಅಡಿಯ ಎರಡು ಶೀಟಿನಲ್ಲಿ ಆಗುತ್ತದೆ. ಮೂಲೆಗಳಿಗೆ ಬರೀ ಸ್ಕ್ರೂ ಬೇಡ. ಒಳಗಡೆ ಮರದ ರೀಪು ಕೊಟ್ಟು ಫೆವಿಕಾಲ್ ಹಚ್ಚಿ ಸ್ಕ್ರೂ ಬಿಗಿಯಲಿ. ನೀವು ಪಕ್ಕದಿಂದ ತಳ್ಳುವಾಗ ಪೆಟ್ಟಿಗೆಯ ಚೌಕ ಓರೆಯಾಗೋಕೆ ನೋಡುತ್ತದೆ, ಅದನ್ನು ಹಿಡಿದಿಡೋದು ಈ ರೀಪು ಮತ್ತು ಹಿಂಬದಿಯ ಹಲಗೆ.

ಅಳತೆ ಕಾಗದದಲ್ಲಿ ಬರೆದುಕೊಟ್ಟರೆ ಆಚಾರ್ರಿಗೂ ಕಷ್ಟ ನಿಮಗೂ ಕಷ್ಟ. ನಾನು ಹಳೆಯ ಪೇಪರ್ ಅಂಟಿಸಿ ಪಕ್ಕದ ಆಕಾರವನ್ನು ಪೂರ್ತಿ ಸೈಜಿನಲ್ಲಿ ಬರೆದು, ಕತ್ತರಿಸಿ, ಗೋಡೆಗೆ ಅಂಟಿಸಿದೆ. ಅದರ ಎದುರು ನಿಂತು ಕೈ ಚಾಚಿ ನೋಡಿದೆ. ಕೈ ಇಡುವ ಹಲಗೆ ನೆಲದಿಂದ 37 ಇಂಚು ಬಂತು. ನೀವು ಗಿಡ್ಡ ಇದ್ದರೆ ಒಂದಿಂಚು ಇಳಿಸಿ. ಅಗಲ 22 ಇಂಚು ಇಟ್ಟೆ, ನಿಜವಾದ ಪಿನ್‌ಬಾಲ್ ಯಂತ್ರದ ಮೈಯೂ ಸುಮಾರು ಅಷ್ಟೇ ಅಗಲ. ಎರಡೂ ಕೈ ಪಕ್ಕದ ಬಟನ್‌ಗೆ ಹೋದಾಗ ಭುಜ ಸಡಿಲವಾಗಿರುತ್ತದೆ. ತಳದ ಆಳ ಮಾತ್ರ 2 ಅಡಿಗಿಂತ ಕಡಿಮೆ ಮಾಡಬೇಡಿ. ಎತ್ತರದ ಪೆಟ್ಟಿಗೆ, ಮೂರಡಿ ಮೇಲೆ ತಳ್ಳುತ್ತೀರಿ, ಮಗುಚುವ ಅಪಾಯ ಇರೋದು ನಿಜ. ನಿಜವಾದ ಪಿನ್‌ಬಾಲ್ ಯಂತ್ರ 100 ಕಿಲೋ ಮೇಲೇ ತೂಗುತ್ತದೆ, ಅದಕ್ಕೇ ಅದು ತಳ್ಳಿದಷ್ಟೇ ಅಲುಗಾಡಿ ವಾಪಸ್ ಬರುತ್ತದೆ. ನಮ್ಮದು ಅದರ ಅರ್ಧವೂ ಇಲ್ಲ. ನಾನು 4 ಇಂಚಿನ ಎರಡು ಸಾಲಿಡ್ ಬ್ಲಾಕ್ ತಳದಲ್ಲಿ ಇಟ್ಟು, ಅಲ್ಲಾಡದ ಹಾಗೆ ಕಬ್ಬಿಣದ ಪಟ್ಟಿಯಲ್ಲಿ ಬಿಗಿದಿದ್ದೇನೆ. ಗಾಲಿ ಹಾಕಿಸಬೇಡಿ. ಗಾಲಿ ಇದ್ದರೆ ಪೆಟ್ಟಿಗೆ ಓಡುತ್ತದೆ.

ಬಟನ್ ವಿಷಯ. ಒತ್ತಿದರೆ ಟಪ್ ಅಂತ ಕೂರುವ ತರಹದ ಬಟನ್‌ಗಳು ತೆಳು ತಗಡಿಗೆ ಮಾಡಿದ್ದು, 18 ಮಿಲಿಮೀಟರ್ ಪ್ಲೈನಲ್ಲಿ ಕೂರುವುದಿಲ್ಲ. ಹಿಂದಿನಿಂದ ನಟ್ ತಿರುಗಿಸುವ ಉದ್ದ ಕುತ್ತಿಗೆಯ ಬಟನ್ ಕೇಳಿ ತಗೊಳ್ಳಿ. ತೂತು ಕೊರೆಯೋದು ಬಟನ್ ಕೈಗೆ ಬಂದ ಮೇಲೆ. 28 ಮಿಲಿಮೀಟರಿನದೂ ಇರುತ್ತದೆ, 30ರದೂ ಇರುತ್ತದೆ.

ಪ್ರಶ್ನೆ: ಮಾನಿಟರ್ ಉದ್ದಕ್ಕೆ ನಿಲ್ಲಿಸಿದರೆ ಹಳೆಯ ವಿಡಿಯೋ ಗೇಮ್ ಆಡೋಕೆ ತೊಂದರೆ ಅಲ್ವಾ?
— ಓದುಗರು, ಹಾಸನ

ಉತ್ತರ: ಎಷ್ಟೋ ಹಳೆಯ ಆಟಗಳು ಹುಟ್ಟಿದ್ದೇ ನಿಂತ ಪರದೆಯಲ್ಲಿ. ಪ್ಯಾಕ್‌ಮನ್, ಗ್ಯಾಲಗಾ, ಡಾಂಕಿ ಕಾಂಗ್ ಎಲ್ಲ ಹಾಗೇ. ಅಡ್ಡ ಪರದೆಯ ಆಟಗಳು ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ, ಅಷ್ಟೇ. ಮಾನಿಟರ್ ಕೊಳ್ಳುವಾಗ ಐಪಿಎಸ್ ಪ್ಯಾನೆಲ್, ಅಂದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ ಇರುವುದನ್ನೇ ನೋಡಿ. ಟಿಎನ್ ಪ್ಯಾನೆಲ್ ತಿರುಗಿಸಿ ನಿಲ್ಲಿಸಿದರೆ ಎಡಗಣ್ಣಿಗೆ ಒಂದು ಬಣ್ಣ ಬಲಗಣ್ಣಿಗೆ ಇನ್ನೊಂದು ಬಣ್ಣ ಕಂಡು ಅರ್ಧ ಗಂಟೆಗೆ ತಲೆ ನೋಯುತ್ತದೆ. ಸ್ಟ್ಯಾಂಡ್ ಬಿಚ್ಚಿ, ಹಿಂಬದಿಯ ನಾಲ್ಕು ಸ್ಕ್ರೂ ತೂತಿನಿಂದಲೇ ಹಲಗೆಗೆ ಬಿಗಿಯಿರಿ.

ಪ್ರಶ್ನೆ: ಎಂಪಿಯು-6050 ಸೆನ್ಸರ್ ತಂದು ಕೋಡ್ ಬರೆದೆ. ಪೆಟ್ಟಿಗೆಯನ್ನು ಒಂದು ಕಡೆ ಎತ್ತಿ ವಾಲಿಸಿದರೆ ಸಂಖ್ಯೆ ಚೆನ್ನಾಗಿ ಬದಲಾಗುತ್ತದೆ. ತಳ್ಳಿದರೆ ಮಾತ್ರ ಏನೂ ಇಲ್ಲ. ಸೆನ್ಸರ್ ಕೆಟ್ಟಿದೆಯಾ? ಕೋಡ್ ಜೊತೆಗಿಟ್ಟಿದ್ದೇನೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಸೆನ್ಸರ್ ಚೆನ್ನಾಗಿದೆ. ಕೋಡ್ ಓದಿದೆ, ಅದೂ ಶುದ್ಧವಾಗಿದೆ. ‘ಟಿಲ್ಟ್’ ಅನ್ನೋ ಮಾತು ನಿಮ್ಮನ್ನು ದಾರಿ ತಪ್ಪಿಸಿದೆ. ಟಿಲ್ಟ್ ಅಂದರೆ ವಾಲುವುದು ಅಂತ ತಿಳಿದು ನೀವು ಕೋನ ಅಳೆಯುತ್ತಿದ್ದೀರಿ, ಮೊಬೈಲ್ ಓರೆ ಮಾಡಿ ಕಾರು ಓಡಿಸುವ ಆಟದ ಹಾಗೆ. ಪಿನ್‌ಬಾಲ್ ಪೆಟ್ಟಿಗೆಯನ್ನು ಯಾರೂ ವಾಲಿಸುವುದಿಲ್ಲ. ಅದಕ್ಕೆ ಬೀಳೋದು ಒಂದು ಝಟಕಾ. ಬಸ್ಸಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ, ಬಸ್ಸು ಎಲ್ಲೂ ವಾಲಿರುವುದಿಲ್ಲ. ನಾವು ಹಿಡಿಯಬೇಕಾಗಿರೋದು ಆ ಝಟಕಾವನ್ನು. ಅಂದರೆ ವೇಗ ಬದಲಾಗುವ ರಭಸ, ಕೋನ ಅಲ್ಲ.

ಇನ್ನೊಂದು, ನೀವು ಕೊನೆಯ 50 ಅಳತೆಗಳ ಸರಾಸರಿ ತೆಗೆಯುತ್ತಿದ್ದೀರಿ. ಕೋನ ಅಳೆಯೋಕೆ ಅದು ಒಳ್ಳೆಯದು, ಸಂಖ್ಯೆ ನಡುಗುವುದಿಲ್ಲ. ಆದರೆ ಝಟಕಾ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ನೀವು ಅದನ್ನು 50 ಅಳತೆಯ ರಾಶಿಯಲ್ಲಿ ಹಾಕಿದ ಕೂಡಲೇ ಅದು ಕರಗಿಹೋಯಿತು. ಜೊತೆಗೆ ಲೂಪಿನ ಕೊನೆಯಲ್ಲಿ 100 ಮಿಲಿಸೆಕೆಂಡಿನ ಡಿಲೇ ಇಟ್ಟಿದ್ದೀರಿ. ಸೆಕೆಂಡಿಗೆ ಹತ್ತು ಸಲ ಕಣ್ಣು ಬಿಟ್ಟು ನೋಡಿದರೆ ಝಟಕಾ ಸಿಕ್ಕರೆ ಅದೃಷ್ಟ. ಡಿಲೇ ತೆಗೆದುಬಿಡಿ. ಸೆಕೆಂಡಿಗೆ 200 ಸಲವಾದರೂ ಓದಿ, ಆ ಸೆನ್ಸರ್ 1000 ಸಲದ ತನಕ ಕೊಡುತ್ತದೆ. ತಿರುಗುವುದನ್ನು ಅಳೆಯುವ ಜೈರೋ ಭಾಗ ನಮಗೆ ಬೇಡವೇ ಬೇಡ. ಝಟಕಾ ಅಳೆಯುವ ಆಕ್ಸಿಲರೋಮೀಟರ್ ಭಾಗದಿಂದ ಎಕ್ಸ್ ಮತ್ತು ವೈ, ಅಂದರೆ ಅಕ್ಕಪಕ್ಕ ಮತ್ತು ಹಿಂದುಮುಂದು, ಈ ಎರಡು ಅಕ್ಷದ ಸಂಖ್ಯೆ ಸಾಕು.

ಈಗ ಸೊನ್ನೆ ಹಿಡಿಯುವ ಕೆಲಸ. ಇದನ್ನು ಬಿಟ್ಟರೆ ಏನೂ ನೆಟ್ಟಗಾಗುವುದಿಲ್ಲ, ಸ್ವಲ್ಪ ಗಮನ ಕೊಡಿ. 2 ಜಿ ಅಳತೆಯಲ್ಲಿ ಇಟ್ಟಾಗ ಈ ಸೆನ್ಸರ್ ಒಂದು ಜಿಗೆ, ಅಂದರೆ ಭೂಮಿಯ ಸೆಳೆತ ಎಷ್ಟೋ ಅಷ್ಟಕ್ಕೆ, 16384 ಅಂತ ತೋರಿಸುತ್ತದೆ. ಸೆನ್ಸರ್ ಪೂರ್ತಿ ಮಟ್ಟವಾಗಿದ್ದರೆ ಆ ಸೆಳೆತವೆಲ್ಲ ಮೇಲೆ ಕೆಳಗಿನ ಝೆಡ್ ಅಕ್ಷದಲ್ಲೇ ಇರುತ್ತದೆ. ಬರೀ ಒಂದು ಡಿಗ್ರಿ ಓರೆಯಾಗಿದ್ದರೂ ಎಕ್ಸ್ ಅಥವಾ ವೈನಲ್ಲಿ ಸುಮಾರು 286 ಸುಮ್ನೆ ಕೂತಿರುತ್ತದೆ. ಯಾರೂ ಮುಟ್ಟದೆ ಗುಂಡು ಒಂದೇ ಕಡೆ ಜಾರುತ್ತಿದ್ದರೆ ಕಾರಣ ಇದೇ. ಅದಕ್ಕೆ ಪೆಟ್ಟಿಗೆ ಆನ್ ಆದ ಮೊದಲ ಎರಡು ಸೆಕೆಂಡ್ ಯಾರೂ ಮುಟ್ಟದೆ ಬಿಟ್ಟು, ಆ ಹೊತ್ತಿನ ಸರಾಸರಿಯನ್ನು ಸೊನ್ನೆ ಅಂತ ಇಟ್ಟುಕೊಂಡು, ಮುಂದೆ ಬರುವ ಪ್ರತಿ ಸಂಖ್ಯೆಯಿಂದ ಅದನ್ನು ಕಳೆಯಿರಿ. ಸರಾಸರಿ ಬೇಕಾಗಿರೋದು ಇಲ್ಲಿ ಮಾತ್ರ.

ಆ ಸಂಖ್ಯೆಯನ್ನು ಕಂಪ್ಯೂಟರ್‌ಗೆ ಜಾಯ್‌ಸ್ಟಿಕ್‌ನ ಎರಡು ಅಕ್ಷದ ಹಾಗೆ ಕಳಿಸಿ. ಪಿನ್‌ಬಾಲ್ ಆಡಿಸುವ ‘ವಿಷುವಲ್ ಪಿನ್‌ಬಾಲ್’ ಸಾಫ್ಟ್‌ವೇರ್ ಅದನ್ನು ನೇರವಾಗಿ ಗುಂಡಿಗೆ ಬಿದ್ದ ತಳ್ಳು ಅಂತ ತಗೊಳ್ಳುತ್ತದೆ. ಅದರ ಸೆಟ್ಟಿಂಗ್‌ನಲ್ಲಿ ಗೇನ್ (ತಳ್ಳನ್ನು ಎಷ್ಟು ಹಿಗ್ಗಿಸಬೇಕು) ಮತ್ತು ಡೆಡ್ ಝೋನ್ (ಎಷ್ಟರ ತನಕದ ಅಲುಗಾಟವನ್ನು ಲೆಕ್ಕಕ್ಕೆ ತಗೊಳ್ಳಬಾರದು) ಅಂತ ಇವೆ. ಡೆಡ್ ಝೋನನ್ನು ಬಟನ್ ಜೋರಾಗಿ ಬಡಿದರೂ ಗುಂಡು ಅಲುಗದಷ್ಟು ಇಡಿ. ಗೇನ್ ಕಡಿಮೆಯಿಂದ ಶುರು ಮಾಡಿ. ಮೊದಲ ದಿನ ಎಲ್ಲರಿಗೂ ಜಾಸ್ತಿ ಇಡುವ ಆಸೆ, ಗುಂಡು ಹಾರುವುದು ನೋಡೋಕೆ ಖುಷಿ. ಎರಡನೇ ದಿನಕ್ಕೆ ಅದು ಆಟ ಅನ್ನಿಸುವುದಿಲ್ಲ.

ಪ್ರಶ್ನೆ: ಆರ್ಡುಯಿನೋ ಊನೋದಲ್ಲಿ ಸೆನ್ಸರ್ ಕೆಲಸ ಮಾಡುತ್ತಿತ್ತು. ಕೀಬೋರ್ಡ್ ಆಗಿ ಕೆಲಸ ಮಾಡಲಿ ಅಂತ ಲಿಯೋನಾರ್ಡೋ ತಂದೆ. ಅದರಲ್ಲಿ ಸೆನ್ಸರ್ ಕಾಣಿಸುತ್ತಲೇ ಇಲ್ಲ.
— ಓದುಗರು, ಕಲಬುರಗಿ

ಉತ್ತರ: ಊನೋ, ಲಿಯೋನಾರ್ಡೋ ಎರಡೂ ಆರ್ಡುಯಿನೋ ಬೋರ್ಡ್‌ಗಳು, ಅಂದರೆ ನಾವು ಬರೆದ ಕೋಡ್ ಓಡಿಸುವ ಪುಟ್ಟ ಬೋರ್ಡ್‌ಗಳು. ಲಿಯೋನಾರ್ಡೋ ತಂದಿದ್ದು ಸರಿ. ಊನೋ ಆರ್3 ತನಕದ ಬೋರ್ಡ್‌ಗಳು ತಾವಾಗಿ ಕೀಬೋರ್ಡ್ ಅಥವಾ ಜಾಯ್‌ಸ್ಟಿಕ್ ಆಗುವುದಿಲ್ಲ. ಆದರೆ ಊನೋದಲ್ಲಿ ಸೆನ್ಸರಿನ ಎರಡು ವೈರ್ ಎ4, ಎ5ಕ್ಕೆ ಹೋಗುತ್ತವೆ. ಲಿಯೋನಾರ್ಡೋದಲ್ಲಿ ಅವು 2 ಮತ್ತು 3ನೇ ಪಿನ್‌ಗೆ ಹೋಗಬೇಕು, ಸೆನ್ಸರ್ ಮೇಲೆ ಎಸ್‌ಡಿಎ ಅಂತ ಬರೆದಿರುವುದು 2ಕ್ಕೆ, ಎಸ್‌ಸಿಎಲ್ ಅಂತ ಬರೆದಿರುವುದು 3ಕ್ಕೆ. ಪ್ರೋ ಮೈಕ್ರೋ ಅನ್ನೋ ಚಿಕ್ಕ ಬೋರ್ಡ್‌ನಲ್ಲೂ ಹಾಗೇ. ಬಹುಶಃ ನೀವು ಆ ಎರಡು ಪಿನ್‌ಗೆ ಫ್ಲಿಪ್ಪರ್ ಬಟನ್ ಕೊಟ್ಟಿರುತ್ತೀರಿ. ಬಟನ್‌ಗಳನ್ನು ಬೇರೆ ಪಿನ್‌ಗೆ ಸರಿಸಿ. ಬೋರ್ಡ್ ಮತ್ತು ಸೆನ್ಸರ್ ಒಂದು ಗೇಣಿನೊಳಗೆ ಇರಲಿ. ಉದ್ದ ಬೇಕಾದರೆ ಯುಎಸ್‌ಬಿ ಕೇಬಲ್ ಉದ್ದ ಮಾಡಿ, ಸೆನ್ಸರ್ ವೈರ್ ಅಲ್ಲ.

ಪ್ರಶ್ನೆ: ನಾನು ಅಕ್ಷದ ಬದಲು ಕೀ ಒತ್ತುವ ಹಾಗೆ ಮಾಡಿದ್ದೇನೆ. ಎಡದಿಂದ ತಳ್ಳಿದರೆ ಎಡದ ಕೀ, ಹಿಂದೆಯೇ ಬಲದ ಕೀಯೂ ಬೀಳುತ್ತದೆ. ಕೆಲವು ಸಲ ಯಾರೂ ಮುಟ್ಟದೇ ಇದ್ದರೂ ಬೀಳುತ್ತದೆ. ದಯವಿಟ್ಟು ದಾರಿ ಹೇಳಿ.
— ಓದುಗರು, ಉಡುಪಿ

ಉತ್ತರ: ಎರಡೂ ನನಗೆ ಆಗಿದೆ. ಮೊದಲನೆಯದು ಸುಲಭ. ಪೆಟ್ಟಿಗೆ ತಳ್ಳಿದಾಗ ಅದು ಹೊರಡುತ್ತದೆ, ಆಮೇಲೆ ನಿಲ್ಲುತ್ತದೆ. ಹೊರಡುವಾಗ ಸಂಖ್ಯೆ ಒಂದು ಕಡೆ ಏರಿದರೆ ನಿಲ್ಲುವಾಗ ಇನ್ನೊಂದು ಕಡೆ ಏರುತ್ತದೆ. ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಮೊದಲ ಕೀ ಬಿದ್ದ ಮೇಲೆ 250 ಮಿಲಿಸೆಕೆಂಡ್ ಏನು ಬಂದರೂ ಲೆಕ್ಕಕ್ಕೆ ತಗೊಳ್ಳಬೇಡ ಅಂತ ಕೋಡಿನಲ್ಲಿ ಬರೆಯಿರಿ. ಆಗ ಒಂದು ತಳ್ಳಿಗೆ ಒಂದೇ ಕೀ.

ಎರಡನೆಯದಕ್ಕೆ ನಾನು ಮೂರು ಭಾನುವಾರ ಕಳೆದೆ. ಸೆನ್ಸರನ್ನು ಪಕ್ಕದ ಹಲಗೆಗೆ, ದಪ್ಪ ಸ್ಪಂಜಿನ ಡಬಲ್ ಟೇಪ್‌ನಲ್ಲಿ ಅಂಟಿಸಿದ್ದೆ. ಸಂಜೆ ಹೊತ್ತು ಆಡುತ್ತಿದ್ದರೆ ಎಲ್ಲ ಸರಿ, ಆಟದ ಹಾಡು ಜೋರಾಗಿ ಬರುವ ಜಾಗದಲ್ಲಿ ಮಾತ್ರ ಗುಂಡು ತಾನೇ ಕುಣಿಯುತ್ತಿತ್ತು. ಕೋಡು ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಹೊಸ ಸೆನ್ಸರ್ ತಂದೆ. ಕೊನೆಗೆ ಒಂದು ದಿನ ಹಿಂಬಾಗಿಲು ತೆಗೆದು ಟಾರ್ಚ್ ಹಿಡಿದು ನೋಡುತ್ತಾ ಕೂತೆ. ಸ್ಪೀಕರ್ ಧಿಮ್ ಅಂದಾಗಲೆಲ್ಲ ಆ ಪುಟ್ಟ ನೀಲಿ ಬೋರ್ಡ್ ಸ್ಪಂಜಿನ ಮೇಲೆ ಅಲುಗುತ್ತಿತ್ತು, ಜೊತೆಗೆ ಅದರ ನಾಲ್ಕು ವೈರ್‌ಗಳೂ ನಡುಗುತ್ತಿದ್ದವು. ಸ್ಪೀಕರ್ ಇದ್ದಿದ್ದೂ ಅದೇ ಹಲಗೆಯಲ್ಲಿ. ಟೇಪ್ ಕಿತ್ತೆ. ತಳದ ಹಲಗೆಯ ನಡುವೆ ಒಂದು ಮರದ ತುಂಡು ಫೆವಿಕಾಲ್ ಹಾಕಿ ಬಿಗಿದು, ಅದರ ಮೇಲೆ ಎರಡು ಸಣ್ಣ ಸ್ಕ್ರೂನಲ್ಲಿ ಸೆನ್ಸರ್ ಕೂರಿಸಿದೆ. ವೈರ್‌ಗಳನ್ನು ಎರಡು ಇಂಚಿಗೊಂದು ಕಡೆ ಕಟ್ಟಿದೆ. ಸ್ಪೀಕರ್ ಕೆಳಗೆ ಸ್ಪಂಜ್ ಹಾಕಿದೆ. ಸ್ಪಂಜ್ ಇರಬೇಕಾಗಿದ್ದು ಅಲ್ಲಿ. ಆಮೇಲೆ ಒಂದು ಸಲವೂ ಆ ತೊಂದರೆ ಬಂದಿಲ್ಲ. ಸೆನ್ಸರ್ ಪೆಟ್ಟಿಗೆಯ ಮೂಳೆಗೆ ಅಂಟಿಕೊಂಡಿರಬೇಕು, ಚರ್ಮಕ್ಕಲ್ಲ.

ಪ್ರಶ್ನೆ: ನಾನು 9ನೇ ತರಗತಿ. ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಟಿಲ್ಟ್ ಮಾಡಿ ತೋರಿಸಬೇಕು ಅಂತ ಆಸೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆಗುತ್ತಾ ಸರ್?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಖಂಡಿತ ಆಗುತ್ತದಮ್ಮ. ಟಿಲ್ಟ್ ಹುಟ್ಟಿದಾಗ ಕಂಪ್ಯೂಟರ್ ಇರಲಿಲ್ಲ. ಈ ಪತ್ರ ಓದಿ ನನಗೆ ತುಂಬ ಖುಷಿಯಾಯಿತು.

ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಚಕ್ರದ ಹಳೆಯ ಕಡ್ಡಿ ಒಂದು ಕೇಳು, ಅದರ ಪುಟ್ಟ ನಿಪ್ಪಲ್ ಜೊತೆಗೆ. ಕಡ್ಡಿಯ ಒಂದು ತುದಿ ಬಾಗಿರುತ್ತದೆ, ಇನ್ನೊಂದು ತುದಿಯಲ್ಲಿ ನಿಪ್ಪಲ್ ತಿರುಗಿಸುವ ತಿರುಪಿನ ಗೆರೆ ಇರುತ್ತದೆ. ಬಾಗಿದ ತುದಿಯೇ ನಮಗೆ ಕೊಕ್ಕೆ. ನಾಲ್ಕೈದು ಕಬ್ಬಿಣದ ನಟ್‌ಗಳನ್ನು ಕಡ್ಡಿಗೆ ಪೋಣಿಸಿ ಕೆಳಗೆ ನಿಪ್ಪಲ್ ಬಿಗಿ. ನಿಪ್ಪಲ್ ತಲೆಗಿಂತ ನಟ್‌ನ ತೂತು ದೊಡ್ಡದಿದ್ದರೆ ನಡುವೆ ಒಂದು ವಾಷರ್ ಹಾಕು. ಒಂದು ತಗಡಿನ ಪಟ್ಟಿಗೆ ತೂತು ಮಾಡಿ ಕೊಕ್ಕೆಯನ್ನು ಅದಕ್ಕೆ ತೂಗುಹಾಕು. ಲೋಲಕ ಆಯಿತು. ಈಗ ಕೀ ಬಂಚಿನ ಉಕ್ಕಿನ ಬಳೆ ತಗೋ, ಕಡ್ಡಿ ಅದರ ನಡುಮಧ್ಯೆ ಬರುವ ಹಾಗೆ, ನಟ್‌ಗಳಿಗಿಂತ ಸ್ವಲ್ಪ ಮೇಲೆ, ದಪ್ಪ ತಂತಿಯಿಂದ ಹಿಡಿಸು. ಕೈಗೆ ಹಾಕುವ ಬಳೆ ತುಂಬ ಅಗಲ, ಅದು ಬೇಡ. ಎರಡು ಪೆನ್‌ಟಾರ್ಚ್ ಸೆಲ್, ಒಂದು ಕೆಂಪು ಎಲ್‌ಇಡಿ, ಒಂದು 100 ಓಮ್ ರೆಸಿಸ್ಟರ್. ಸೆಲ್‌ನ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಬಳೆಗೆ, ಕಡ್ಡಿಯಿಂದ ಸೆಲ್‌ನ ಮೈನಸ್‌ಗೆ. ಕೊಕ್ಕೆಯ ತುಕ್ಕಿನಿಂದ ಕರೆಂಟ್ ಸರಿಯಾಗಿ ಹರಿಯದೆ ಇರಬಹುದು. ಅದಕ್ಕೆ ಕಡ್ಡಿಯ ಮೇಲ್ಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಲ್ಲಿಗೇ ಒಂದು ಮೆತ್ತನೆಯ ತೆಳು ವೈರ್ ಸುತ್ತು.

ಇದನ್ನೆಲ್ಲ ಒಂದು ರಟ್ಟಿನ ಡಬ್ಬದಲ್ಲಿ ಕೂರಿಸಿ, ಡಬ್ಬವನ್ನು ಮೆಲ್ಲಗೆ ತಳ್ಳು. ದೀಪ ಹತ್ತುವುದಿಲ್ಲ. ಜೋರಾಗಿ ತಳ್ಳು, ಹತ್ತುತ್ತದೆ. ಬಳೆಯನ್ನು ಮೇಲಕ್ಕೆ ಸರಿಸಿದರೆ ಇನ್ನೂ ಜೋರಾಗಿ ತಳ್ಳಬೇಕಾಗುತ್ತದೆ, ಕೆಳಗೆ ಸರಿಸಿದರೆ ಸ್ವಲ್ಪಕ್ಕೇ ಹತ್ತುತ್ತದೆ. ಯಾಕೆ ಅಂತ ನೀನೇ ಯೋಚಿಸು, ನೋಡೋಕೆ ಬಂದವರು ಕೇಳುತ್ತಾರೆ. ಇನ್ನೊಂದು ಪ್ರಯೋಗವೂ ಮಾಡಿ ಇಟ್ಟುಕೋ. 25 ಸೆಂಟಿಮೀಟರ್ ಉದ್ದದ ಲೋಲಕ ಒಂದು ಸಲ ಹೋಗಿ ಬರೋಕೆ ಸುಮಾರು 1 ಸೆಕೆಂಡ್ ತಗೊಳ್ಳುತ್ತದೆ. ನಟ್‌ಗಳನ್ನು ಎರಡಕ್ಕೆ ಇಳಿಸಿ ಮತ್ತೆ ಎಣಿಸಿ ನೋಡು, ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪ್ರದರ್ಶನ ಆದ ಮೇಲೆ ನನಗೆ ಬರೆಯಬೇಕು ನೀನು.

ಪ್ರಶ್ನೆ: ಇಲ್ಲಿ ಹಳೆಯ ಸಾಮಾನು ಮಾರುವ ಕಡೆ ನಿಜವಾದ ಪಿನ್‌ಬಾಲ್ ಯಂತ್ರದ ಟಿಲ್ಟ್ ಲೋಲಕ ಸಿಕ್ಕಿತು. ಮನೆಯ ಪೆಟ್ಟಿಗೆಗೆ ಹಾಕಬಹುದಾ?
— ಕನ್ನಡಿಗರು, ನ್ಯೂಜೆರ್ಸಿ

ಉತ್ತರ: ಹಾಕಿ. ನಿಮ್ಮ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅದು ಬರೀ ಒಂದು ಸ್ವಿಚ್, ಕಡ್ಡಿಗೆ ಒಂದು ವೈರ್, ಬಳೆಗೆ ಒಂದು, ಬೇರೆ ಬಟನ್ ಹಾಗೇ ಬೋರ್ಡ್‌ಗೆ ಕೊಡಿ. ಪಿನ್‌ಬಾಲ್ ಸಾಫ್ಟ್‌ವೇರಿನಲ್ಲಿ ಮೆಕ್ಯಾನಿಕಲ್ ಟಿಲ್ಟ್ ಅಂತ ಒಂದು ಕೀ ಇರುತ್ತದೆ, ಅದಕ್ಕೆ ಜೋಡಿಸಿ. ಗುಂಡನ್ನು ಸರಿಸುವ ಕೆಲಸ ಸೆನ್ಸರಿಗೆ, ತೀರ್ಪು ಕೊಡುವ ಕೆಲಸ ಲೋಲಕಕ್ಕೆ. ಸಾಫ್ಟ್‌ವೇರಿನ ಸ್ವಂತ ಟಿಲ್ಟನ್ನು ಆಫ್ ಮಾಡಿ, ಇಬ್ಬರು ಅಂಪೈರ್ ಬೇಡ. ತೂಕವನ್ನು ಕಡ್ಡಿಯಲ್ಲಿ ಮೇಲೆ ಕೆಳಗೆ ಸರಿಸಿ ಗೆರೆ ಎಲ್ಲಿರಬೇಕು ಅಂತ ನೀವೇ ತೀರ್ಮಾನಿಸಿ. ಲೋಲಕ ಒಂದು ಸಲ ತಾಗಿದರೆ ತೂಗಾಡುತ್ತಾ ನಾಲ್ಕೈದು ಸಲ ತಾಗುತ್ತದೆ, ಅದಕ್ಕೆ ಮೊದಲ ಸಲದ ನಂತರ ಒಂದು ಸೆಕೆಂಡ್ ಬಿಟ್ಟು ಲೆಕ್ಕ ಹಾಕುವ ಹಾಗೆ ಮಾಡಿ.

ಟಿಲ್ಟ್‌ಗೆ ಪಾದರಸದ ಸ್ವಿಚ್ ಹಾಕಬಹುದಾ ಅಂತ ಇನ್ನಿಬ್ಬರು ಕೇಳಿದ್ದಾರೆ. ಬೇಡ. ಗಾಜಿನ ಒಳಗೆ ಪಾದರಸ, ತಳ್ಳುವ ಪೆಟ್ಟಿಗೆ, ಮನೆಯಲ್ಲಿ ಮಕ್ಕಳು.

ಪ್ರಶ್ನೆ: ಆಟಗಳು ಎಲ್ಲಿ ಸಿಗುತ್ತವೆ? ರಾಸ್ಪ್‌ಬೆರಿ ಪೈ ಸಾಕಾ?
— ಓದುಗರು, ತುಮಕೂರು

ಉತ್ತರ: ಹಳೆಯ ಆರ್ಕೇಡ್ ಆಟಗಳಿಗೆ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಧಾರಾಳ ಸಾಕು. ಪಿನ್‌ಬಾಲ್‌ಗೆ ವಿಂಡೋಸ್ ಕಂಪ್ಯೂಟರ್ ಒಳ್ಳೆಯದು. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಮೇಮ್ ಸಾಫ್ಟ್‌ವೇರ್ 1997ರಿಂದ ಉಚಿತವಾಗಿ ಸಿಗುತ್ತಿದೆ, ಆದರೆ ಅದರಲ್ಲಿ ಆಡುವ ಆಟಗಳಿಗೆ ಬೇರೆ ಬೇರೆ ಒಡೆಯರಿದ್ದಾರೆ. ಒಡೆಯರೇ ಉಚಿತವಾಗಿ ಆಡಲು ಬಿಟ್ಟಿರುವ ಕೆಲವು ಆಟಗಳು ಮೇಮ್‌ನ ತಾಣದಲ್ಲೇ ಇವೆ, ಅವುಗಳಿಂದ ಶುರು ಮಾಡಿ.

ಪ್ರಶ್ನೆ: ಕರೆಂಟ್ ಕೆಲಸದ ಬಗ್ಗೆ ನೀವು ಏನೂ ಬರೆಯಲಿಲ್ಲ. ತಳ್ಳುವ ಪೆಟ್ಟಿಗೆಯಲ್ಲಿ 230 ವೋಲ್ಟ್ ಅಂದರೆ ನನಗೆ ಭಯ.
— ಗೃಹಿಣಿ, ಚಿತ್ರದುರ್ಗ

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು, ಅದು ನಾನು ಬಿಡಬಾರದಾಗಿದ್ದ ವಿಷಯ. ಬಟನ್, ಜಾಯ್‌ಸ್ಟಿಕ್, ಸೆನ್ಸರ್ ಎಲ್ಲ 5 ವೋಲ್ಟ್‌ನಲ್ಲಿ ಓಡುತ್ತವೆ, ಅವನ್ನು ಮುಟ್ಟಿದರೆ ಏನೂ ಆಗುವುದಿಲ್ಲ. 230 ವೋಲ್ಟ್ ಬರೋದು ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಈ ಮೂರಕ್ಕೆ ಮಾತ್ರ. ಒಂದು ಒಳ್ಳೆಯ ಸ್ಪೈಕ್ ಬೋರ್ಡನ್ನು ಒಳಗೆ ಸ್ಕ್ರೂನಲ್ಲಿ ಬಿಗಿದು ಮೂರನ್ನೂ ಅದಕ್ಕೇ ಕೊಡಿ. ಎಲ್ಲೂ ವೈರ್ ಕತ್ತರಿಸಿ ಜೋಡಿಸಬೇಡಿ. ತಳ್ಳಿ ತಳ್ಳಿ ಪ್ಲಗ್ ಸಡಿಲವಾಗುತ್ತದೆ, ಪ್ರತಿ ಪ್ಲಗ್ಗನ್ನೂ ಟ್ಯಾಗ್‌ನಲ್ಲಿ ಕಟ್ಟಿ. ಗೋಡೆಯ ಸಾಕೆಟ್‌ಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಸಲ ನೋಡಿಸಿ. ಹಿಂಬಾಗಿಲಿಗೆ ಬೀಗ ಹಾಕಿ. ಗಾಳಿಗೆ ಬಿಟ್ಟ ತೂತಿಗೆ ಜಾಲರಿ ಹೊಡೆಸಿ, ಇಲಿ ಹೋಗದ ಹಾಗೆ. ಕಂಪ್ಯೂಟರ್‌ನಲ್ಲಿ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ತಳ್ಳಾಟ ಹಳೆಯದಕ್ಕೆ ಆಗಿಬರುವುದಿಲ್ಲ.

ಪ್ರಶ್ನೆ: ಬಾಡಿಗೆ ಮನೆ, ಎರಡನೇ ಮಹಡಿ. ಪೆಟ್ಟಿಗೆ ತಳ್ಳಿದಾಗಲೆಲ್ಲ ಕೆಳಗಿನವರಿಗೆ ಧಡ್ ಅಂತ ಕೇಳಿಸುತ್ತದಂತೆ. ಯೋಗ ಮ್ಯಾಟ್ ಹಾಸಿದೆ. ಶಬ್ದ ಕಡಿಮೆಯಾಯಿತು, ಆದರೆ ಆಟ ಕೆಟ್ಟುಹೋಯಿತು.
— ಓದುಗರು, ಬೆಂಗಳೂರು

ಉತ್ತರ: ಮ್ಯಾಟ್ ತುಂಬ ಮೆತ್ತಗೆ. ಒಂದು ಸಲ ತಳ್ಳಿದರೆ ಪೆಟ್ಟಿಗೆ ಅದರ ಮೇಲೆ ಇನ್ನೆರಡು ಸಲ ತೂಗುತ್ತದೆ, ಸೆನ್ಸರ್ ಅದನ್ನೂ ತಳ್ಳು ಅಂತಲೇ ಲೆಕ್ಕ ಹಾಕುತ್ತದೆ. ಪಂಚರ್ ಅಂಗಡಿಯಲ್ಲಿ ಹಳೆಯ ಟೈರಿನ ತುಂಡು ಕೇಳಿ, ಅಂಗೈಯಷ್ಟಗಲ ನಾಲ್ಕು, ನಾಲ್ಕೂ ಒಂದೇ ದಪ್ಪ. ನಾಲ್ಕು ಮೂಲೆಗೆ ಒಂದೊಂದು ಹಾಕಿ ತಳಕ್ಕೆ ಸ್ಕ್ರೂ ಬಿಗಿಯಿರಿ. ಸ್ಕ್ರೂ ತಲೆ ರಬ್ಬರಿನ ಒಳಗೆ ಮುಳುಗಿರಲಿ, ಇಲ್ಲದಿದ್ದರೆ ನೆಲದ ಟೈಲ್ ಗೀಚುತ್ತದೆ, ಮನೆ ಮಾಲೀಕರಿಗೆ ಉತ್ತರ ಹೇಳಬೇಕಾಗುತ್ತದೆ. ಗೋಡೆಯಿಂದ ಪೆಟ್ಟಿಗೆಯನ್ನು ನಾಲ್ಕು ಬೆರಳು ಮುಂದಕ್ಕೆ ಇಡಿ, ಎಷ್ಟೋ ಸಲ ಆ ಧಡ್ ಶಬ್ದ ಹಿಂಬಾಗಿಲು ಗೋಡೆಗೆ ಬಡಿದು ಬರುವುದು. ರಬ್ಬರ್ ಹಾಕಿದ ಮೇಲೆ ಪೆಟ್ಟಿಗೆಯ ಮೇಲೆ ರಸಮಟ್ಟ ಇಟ್ಟು ನೋಡಿ, ಒಂದು ಮೂಲೆ ತಗ್ಗಿದ್ದರೆ ಸೈಕಲ್ ಟ್ಯೂಬಿನ ಚೂರು ಕೊಟ್ಟು ಸರಿಮಾಡಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಎರಡು ಸೆಕೆಂಡ್ ಯಾರೂ ಮುಟ್ಟಬೇಡಿ, ಸೊನ್ನೆ ಹೊಸದಾಗಿ ಹಿಡಿದುಕೊಳ್ಳಲಿ.